ಕಾರಿನ ಕಿಟಕಿಗೆ ಸಿಕ್ಕಿಸಿದ ತಟ್ಟೆ

ಮೊದಲ ದಿನ, ಗುರುವಾರ

ನಾವು ನಾಲ್ಕು ಜನ ಹಾಸ್ಟೆಲಿನಲ್ಲಿ ಒಂದೇ ರೂಮಿನವರು. ಕ್ಲಾಸಿನಲ್ಲಿ ಒಂದೇ ಹೆಸರಿನವರು ಇಬ್ಬರು ಮೂವರು ಇದ್ದಿದ್ದರಿಂದ ಎಲ್ಲರಿಗೂ ಊರಿನ ಹೆಸರೇ ಗಟ್ಟಿಯಾಯಿತು. ಹಾಸನ, ಗದಗ, ಸಿರ್ಸಿ. ನನ್ನ ಊರು ಮೈಸೂರು. ಆದರೆ ಅಪ್ಪನ ಬ್ಯಾಂಕ್ ಕೆಲಸದಿಂದಾಗಿ ಹತ್ತು ವರ್ಷದವರೆಗೆ ಮದ್ರಾಸಿನಲ್ಲಿ ಬೆಳೆದವಳು. ಹಾಗಾಗಿ ನಾನು ಮದ್ರಾಸ್. ಕಾಲೇಜು ಬಿಟ್ಟು ಇಪ್ಪತ್ತೇಳು ವರ್ಷ ಆಯಿತು. ಇವತ್ತಿಗೂ ಫೋನ್ ಎತ್ತಿದರೆ ಆ ಕಡೆಯಿಂದ ಬರುವುದು "ಏ ಮದ್ರಾಸ್" ಅಂತಲೇ.

ಹಾಸನ ಈಗ ಷಿಕಾಗೊ ಹತ್ತಿರದ ನೇಪರ್‌ವಿಲ್‌ನಲ್ಲಿದ್ದಾಳೆ. ಗದಗ ಡಲ್ಲಾಸ್‌ನಲ್ಲಿ, ಸಿರ್ಸಿ ನ್ಯೂ ಜೆರ್ಸಿಯಲ್ಲಿ. ನಾನು ಮೊದಲ ಸಲ ಅಮೆರಿಕಕ್ಕೆ ಬರುತ್ತೇನೆ ಎಂದಾಗ ಏನು ನೋಡ್ತೀಯೇ ಎಂದು ಹಾಸನ ಕೇಳಿದಳು. ನಯಾಗರ ಅನ್ನುತ್ತೇನೆ ಎಂದುಕೊಂಡಿದ್ದಳಂತೆ. ಹಳೇ ಕಾಲದ ಡ್ರೈವ್ ಇನ್ ಹೋಟೆಲಿಗೆ ಹೋಗಬೇಕು, ಕಾರಿನಲ್ಲೇ ಕೂತು, ಕಿಟಕಿಗೆ ತಟ್ಟೆ ಸಿಕ್ಕಿಸಿಕೊಂಡು ತಿನ್ನಬೇಕು, ನಾಲ್ಕೂ ಜನ ಒಟ್ಟಿಗೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಇಷ್ಟು ವರ್ಷದಿಂದ ಇಲ್ಲಿದ್ದೀನಿ, ನಾನೇ ಒಂದಕ್ಕೂ ಹೋಗಿಲ್ಲ ಕಣೇ" ಎಂದಳು.

ಇಲ್ಲಿ ಒಂದು ಮಾತು ಹೇಳಬೇಕು. ಡ್ರೈವ್ ಥ್ರೂ ಬೇರೆ, ಡ್ರೈವ್ ಇನ್ ಬೇರೆ. ಡ್ರೈವ್ ಥ್ರೂನಲ್ಲಿ ಕಾರುಗಳು ಸಾಲಾಗಿ ಒಂದು ಕಿಟಕಿಯ ಮುಂದೆ ಬಂದು, ಪೊಟ್ಟಣ ಇಸಿದುಕೊಂಡು ಮುಂದೆ ಹೋಗುತ್ತವೆ. ಡ್ರೈವ್ ಇನ್‌ನಲ್ಲಿ ಕಾರು ನಿಲ್ಲುತ್ತದೆ. ಎಂಜಿನ್ ಆಫ್ ಆಗುತ್ತದೆ. ಒಬ್ಬರು ನಿಮ್ಮ ಹತ್ತಿರಕ್ಕೆ ಬರುತ್ತಾರೆ. ನೀವು ಕೂತು ತಿನ್ನುತ್ತೀರಿ. ನನಗೆ ಬೇಕಾಗಿದ್ದು ಈ ಎರಡನೆಯದು.

ಗದಗ, ಸಿರ್ಸಿ ಇಬ್ಬರೂ ವಿಮಾನ ಹತ್ತಿ ಬಂದು ನಮ್ಮನ್ನು ಸೇರಿಕೊಂಡಿದ್ದರು. ಮಧ್ಯಾಹ್ನ ಡೆವನ್ ಅವೆನ್ಯೂಗೆ ಹೋದೆವು. ಷಿಕಾಗೊದ ನಮ್ಮವರ ಬೀದಿ ಅದು. ಪಟೇಲ್ ಬ್ರದರ್ಸ್ ತಮ್ಮ ಮೊದಲ ಅಂಗಡಿ ತೆರೆದಿದ್ದು ಇದೇ ರಸ್ತೆಯಲ್ಲಿ, 1974ರಲ್ಲಿ. ದಾರಿಗೆ ಬೇಕಾದ ಬಾಳೆಹಣ್ಣು, ಖಾರದ ಅವಲಕ್ಕಿ, ಒಂದು ಡಬ್ಬ ಉಪ್ಪಿನಕಾಯಿ ತೆಗೆದುಕೊಂಡೆವು. ಅದೇ ಡೆವನ್‌ನಲ್ಲಿ ಪಶ್ಚಿಮಕ್ಕೆ ಹೋಗುತ್ತಾ ಹೋದರೆ ಸೀರೆ ಅಂಗಡಿಗಳು ಮುಗಿಯುತ್ತವೆ, ಮನೆಗಳು ಬರುತ್ತವೆ, ಮರಗಳು ಬರುತ್ತವೆ. ಕೊನೆಗೆ ಮಿಲ್ವಾಕಿ ಅವೆನ್ಯೂ ಕೂಡುವ ಕಡೆ ಒಂದು ಕಟ್ಟಡದ ಮೇಲೆ ಎರಡು ಗೊಂಬೆಗಳು ಕಾಣಿಸುತ್ತವೆ. ಹನ್ನೆರಡು ಅಡಿ ಎತ್ತರದ ಎರಡು ಹಾಟ್ ಡಾಗ್‌ಗಳು. ಹಾಟ್ ಡಾಗ್ ಅಂದರೆ ಬನ್ನಿನ ನಡುವೆ ಇಟ್ಟು ಕೊಡುವ ಮಾಂಸದ ಉದ್ದನೆಯ ಸಾಸೇಜ್. ಒಂದು ಗಂಡು, ಒಂದು ಹೆಣ್ಣು. ಗಂಡು ಚಿರತೆ ಚರ್ಮ ಉಟ್ಟು ತೋಳಿನ ಬಲ ತೋರಿಸುತ್ತದೆ. ಹೆಣ್ಣು ಅದನ್ನೇ ನೋಡುತ್ತಾ ನಿಂತಿದೆ. ಇಬ್ಬರ ಕಣ್ಣಿನಲ್ಲೂ ಬಲ್ಬು. ಮಿಣುಕುತ್ತವೆ.

ಇದು ಸೂಪರ್‌ಡಾಗ್. ಆ ಗೊಂಬೆಗಳ ಹೆಸರು ಮೌರಿ ಮತ್ತು ಫ್ಲೌರಿ. ಹೋಟೆಲ್ ಮಾಡಿದ ಗಂಡ ಹೆಂಡತಿಯ ಹೆಸರೂ ಅದೇ. ಮೌರಿ ಬರ್ಮನ್ ಎರಡನೇ ಮಹಾಯುದ್ಧದಿಂದ ವಾಪಸ್ ಬಂದು ಕಾಲೇಜು ಓದುತ್ತಿದ್ದ ಹುಡುಗ. ಫ್ಲೌರಿ ಶಾಲೆಯ ಟೀಚರ್. ಓದಿನ ಖರ್ಚಿಗೆ ಆಗಲಿ ಅಂತ 1948ರ ಬೇಸಿಗೆಯಲ್ಲಿ ಈ ಮೂಲೆಯಲ್ಲಿ ಅಂಗಡಿ ಇಟ್ಟರು. ಆಗ ಟ್ರಾಮು ಕೊನೆಯಾಗುತ್ತಿದ್ದ ಜಾಗ ಇದು. ಹತ್ತಿರದಲ್ಲೇ ಈಜುಕೊಳ ಇತ್ತು. ಬೇಸಿಗೆಗೆಂದು ಶುರುವಾಗಿದ್ದು ಅವರ ಜೀವನವೇ ಆಯಿತು. ಈಗಲೂ ಅದೇ ಮನೆಯವರು ನಡೆಸುತ್ತಾರೆ.

ಪ್ರತಿ ಕಾರಿಗೂ ಒಂದು ನಿಲ್ದಾಣ, ಅದರ ಪಕ್ಕ ಒಂದು ಸ್ಪೀಕರ್. ಗುಂಡಿ ಒತ್ತಿ ಆರ್ಡರ್ ಹೇಳಬೇಕು. ಹಾಸನದ ಮಗ ಗಾಡಿ ಓಡಿಸುತ್ತಿದ್ದ. ಇಲ್ಲೇ ಹುಟ್ಟಿದ ಹುಡುಗ, ಕಾಲೇಜಿನಲ್ಲಿದ್ದಾನೆ. ಅವನು ತನಗೆ ಅಂಗಡಿಯ ಹೆಸರಿನದೇ ಹಾಟ್ ಡಾಗ್, ಸೂಪರ್‌ಡಾಗ್ ಹೇಳಿದ. ಅದು ಪೂರ್ತಿ ಬೀಫ್. ನಾವು ಯಾರೂ ಅದನ್ನು ತಿನ್ನುವವರಲ್ಲ. ನಮಗೆ ಚೀಸ್ ಸ್ಯಾಂಡ್‌ವಿಚ್, ಫ್ರೈಸ್, ಮಿಲ್ಕ್ ಶೇಕ್. ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ತಟ್ಟೆ ಹಿಡಿದು ಬಂದರು. ಕಿಟಕಿ ಪೂರ್ತಿ ಇಳಿಸಬೇಡಿ, ಸ್ವಲ್ಪ ಮೇಲಿರಲಿ ಎಂದರು. ಗಾಜಿನ ಅಂಚಿಗೆ ಕೊಕ್ಕೆ ಸಿಕ್ಕಿಸಿ ತಟ್ಟೆ ಕೂರಿಸಿದರು.

ನನ್ನ ಎದೆಯೊಳಗೆ ಏನೋ ಆಯಿತು. ಯಾಕೆ ಅಂತ ಶನಿವಾರದ ದಿನ ಹೇಳುತ್ತೇನೆ.

ಹುಡುಗನ ಹಾಟ್ ಡಾಗ್ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಬಂತು. ಗಸಗಸೆ ಉದುರಿಸಿದ ಬನ್ನು, ಸಾಸಿವೆಯ ಗೊಜ್ಜು, ಈರುಳ್ಳಿ, ಉಪ್ಪಿನಲ್ಲಿ ಹಾಕಿದ ಸೌತೆ, ಹಾಗೇ ಉಪ್ಪಿನಲ್ಲಿ ಹಾಕಿದ ಹಸಿ ಟೊಮೆಟೊ. ಹಾಟ್ ಡಾಗ್ ಹಾಯಾಗಿ ಫ್ರೈಸ್ ಹಾಸಿಗೆಯ ಮೇಲೆ ಒರಗಿದೆ ಅಂತ ಪೆಟ್ಟಿಗೆಯ ಮೇಲೇ ಬರೆದಿರುತ್ತದೆ. ಟೊಮೆಟೊ ಸಾಸ್ ಹಾಕೋದಿಲ್ವೇನೋ ಎಂದು ಸಿರ್ಸಿ ಕೇಳಿದಳು. "ಆಂಟಿ, ಷಿಕಾಗೊದಲ್ಲಿ ಹಾಟ್ ಡಾಗಿಗೆ ಕೆಚಪ್ ಹಾಕಿದ್ರೆ ಜನ ಬೈತಾರೆ" ಎಂದ. ಫ್ರೈಸ್ ಅಂಚು ಅಂಕುಡೊಂಕಾಗಿ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಗದಗ ಕೈಚೀಲದಿಂದ ಖಾರದ ಚಟ್ನಿಪುಡಿ ತೆಗೆದು ಉದುರಿಸಿದಳು. ಡಬ್ಬಿ ಮುಂದಿನ ಸೀಟಿನಿಂದ ಹಿಂದಿನ ಸೀಟಿಗೆ, ಹಿಂದಿನಿಂದ ಮುಂದಕ್ಕೆ ಓಡಾಡಿತು.

ತಿಂದು ಮುಗಿದಮೇಲೆ ಗುಂಡಿ ಒತ್ತಿದರೆ ಬಂದು ತಟ್ಟೆ ತೆಗೆದುಕೊಂಡು ಹೋಗುತ್ತಾರೆ. ನಾವು ತುಂಬಾ ಹೊತ್ತು ಒತ್ತಲಿಲ್ಲ.

ಎರಡನೇ ದಿನ, ಶುಕ್ರವಾರ

ಹುಡುಗ ಮನೆಯಲ್ಲೇ ಉಳಿದ. ನಾವು ನಾಲ್ವರೇ ಹೊರಟೆವು. ಹಾಸನದ ಕೈಯಲ್ಲಿ ಸ್ಟೇರಿಂಗು. ಷಿಕಾಗೊದಿಂದ ಮಿಲ್ವಾಕಿಗೆ ಸುಮಾರು 90 ಮೈಲಿ. ದಾರಿಯುದ್ದಕ್ಕೂ ಗದಗ ತನ್ನ ಡಲ್ಲಾಸ್ ಕಥೆ ಹೇಳಿದಳು. ನಾನು ಡ್ರೈವ್ ಇನ್ ಎಂದಾಗಿನಿಂದ ಅವಳು ಈ ವಿಷಯ ಓದುತ್ತಾ ಕೂತಿದ್ದಾಳೆ.

ಇದೆಲ್ಲ ಶುರುವಾಗಿದ್ದು ಅವಳ ಊರಿನಲ್ಲೇ. 1921ರಲ್ಲಿ ಡಲ್ಲಾಸ್‌ನಿಂದ ಫೋರ್ಟ್ ವರ್ತ್‌ಗೆ ಹೋಗುವ ರಸ್ತೆಯಲ್ಲಿ ಪಿಗ್ ಸ್ಟ್ಯಾಂಡ್ ಎಂಬ ಹೋಟೆಲ್ ಬಂತು. ಮಾಡಿದವರು ಜೆಸ್ಸಿ ಕಿರ್ಬಿ ಎಂಬ ತಂಬಾಕು ವ್ಯಾಪಾರಿ ಮತ್ತು ರೂಬೆನ್ ಜಾಕ್ಸನ್ ಎಂಬ ಡಾಕ್ಟರು. ಕಾರಿರುವವರು ಇಳಿದು ಒಳಗೆ ಬರಲು ಸೋಮಾರಿಗಳು, ಊಟವೇ ಅವರ ಹತ್ತಿರ ಹೋಗಲಿ ಅನ್ನುವುದು ಕಿರ್ಬಿಯ ಲೆಕ್ಕಾಚಾರ. ಆಗಿನ ಕಾರುಗಳಿಗೆ ಬಾಗಿಲ ಕೆಳಗೆ ಉದ್ದಕ್ಕೆ ಒಂದು ಮೆಟ್ಟಿಲಿನಂಥ ಹಲಗೆ ಇರುತ್ತಿತ್ತು. ಕಾರು ನಿಲ್ಲುವ ಮೊದಲೇ ಹುಡುಗರು ಓಡಿಬಂದು ಅದರ ಮೇಲೆ ನೆಗೆದು ಆರ್ಡರ್ ಕೇಳುತ್ತಿದ್ದರು. ಹಾಪ್ ಅಂದರೆ ನೆಗೆಯುವುದು. ಅದಕ್ಕೇ ಅವರಿಗೆ ಕಾರ್‌ಹಾಪ್ ಎಂಬ ಹೆಸರು ಬಂತಂತೆ.

"ಟಿಪ್ಸಿಗೋಸ್ಕರ ಓಡಾಡಿ ಕಾಲು ಸವಿಸಿದಾರವಾ ಆ ಹುಡುಗ್ರು" ಎಂದಳು ಗದಗ. ಅವಳ ಅಪ್ಪ ಗದಗಿನ ಬಸ್ ಸ್ಟ್ಯಾಂಡ್ ಹತ್ತಿರ ಖಾನಾವಳಿ ಇಟ್ಟಿದ್ದವರು. ಹೋಟೆಲಿನಲ್ಲಿ ದುಡಿಯುವವರ ಬಗ್ಗೆ ಮಾತಾಡುವಾಗ ಅವಳ ದನಿ ಯಾವಾಗಲೂ ಮೆತ್ತಗಾಗುತ್ತದೆ.

ಮಿಲ್ವಾಕಿಯಲ್ಲಿ ಮಿಷಿಗನ್ ಸರೋವರದ ದಂಡೆಗೆ ಹೋದೆವು. ಸಮುದ್ರ ಅಲ್ಲ ಅಂತ ನಂಬೋದು ಕಷ್ಟ. ಆರ್ಟ್ ಮ್ಯೂಸಿಯಮ್ಮಿನ ಛಾವಣಿಯ ಮೇಲಿನ ದೊಡ್ಡ ಬಿಳಿ ರೆಕ್ಕೆಗಳನ್ನು ಹೊರಗಿನಿಂದಲೇ ನೋಡಿದೆವು. ಸಂಜೆ ಲಿಯಾನ್ಸ್‌ಗೆ ಹೋದೆವು. 1942ರಿಂದ ಇರುವ ಫ್ರೋಜನ್ ಕಸ್ಟರ್ಡ್ ಅಂಗಡಿ. ಕತ್ತಲಾಗುವ ಹೊತ್ತಿಗೆ ಸೂರಿನ ಸುತ್ತ ನಿಯಾನ್ ದೀಪ ಹೊತ್ತಿಕೊಳ್ಳುತ್ತದೆ. ತುಂಬಾ ಚೆನ್ನಾಗಿ ಕಾಣುತ್ತದೆ. ಆದರೆ ಇಲ್ಲಿ ಈಗ ಯಾರೂ ಕಾರಿನ ಹತ್ತಿರ ಬರುವುದಿಲ್ಲ. ನಾವೇ ಇಳಿದು ಕಿಟಕಿಗೆ ಹೋಗಿ ತರಬೇಕು. ಜನ ಕಾರಿಗೆ ಒರಗಿ ನಿಂತು ತಿನ್ನುತ್ತಿದ್ದರು.

ಕಸ್ಟರ್ಡ್ ಅಂದರೆ ಐಸ್ ಕ್ರೀಮಿನ ಅಕ್ಕ. ಇದರಲ್ಲಿ ಮೊಟ್ಟೆಯ ಹಳದಿ ಇರಲೇಬೇಕು, ಕನಿಷ್ಠ 1.4 ಪರ್ಸೆಂಟು ಅಂತ ಅಮೆರಿಕದ ಕಾನೂನೇ ಹೇಳುತ್ತದೆ. ಅದಕ್ಕೇ ಅಷ್ಟು ನುಣುಪು, ಅಷ್ಟು ಗಟ್ಟಿ. ಸಿರ್ಸಿ ಮೊಟ್ಟೆ ಮುಟ್ಟುವುದಿಲ್ಲ. ಅವಳು ಬಾಳೆಹಣ್ಣು ಸುಲಿದುಕೊಂಡು ನಮ್ಮ ಜೊತೆ ನಿಂತಳು. ನಾನು ಬಟರ್ ಪೆಕಾನ್ ತಿಂದೆ. ಬೆಣ್ಣೆಯಲ್ಲಿ ಹುರಿದ ಪೆಕಾನ್ ಬೀಜಕ್ಕೆ ಸ್ವಲ್ಪ ಉಪ್ಪಿನ ರುಚಿ. ಅವಳಿಗೆ ಕೊಡಲಾಗಲಿಲ್ಲವಲ್ಲ ಅಂತ ಬೇಜಾರಾಯಿತು.

"ನಾಳೆ ನಿನಗೆ ಕುಡಿಯೋಕೆ ಒಂದು ಕೊಡಿಸ್ತೀನಿ, ನೋಡು" ಎಂದಳು ಹಾಸನ.

ಮೂರನೇ ದಿನ, ಶನಿವಾರ

ಬೆಳಿಗ್ಗೆ ಹೋಟೆಲ್ ರೂಮಿನಲ್ಲಿ ಸಿರ್ಸಿ ತಂದಿದ್ದ ಪುಟ್ಟ ಎಲೆಕ್ಟ್ರಿಕ್ ಒಲೆಯ ಮೇಲೆ ಕಾಫಿ ಆಯಿತು. ಅಲ್ಲಿಂದ ಹಾರಿಕಾನ್ ಎಂಬ ಜೌಗು ಪ್ರದೇಶಕ್ಕೆ ಹೋದೆವು. ಕಣ್ಣು ಹಾಯುವಷ್ಟು ದೂರಕ್ಕೂ ಜೊಂಡು, ನಡುವೆ ನೀರು. ಕೆನಡಾ ಬಾತುಗಳು ಮರಿಗಳನ್ನು ಸಾಲಾಗಿ ಕರೆದುಕೊಂಡು ರಸ್ತೆ ದಾಟಿದವು. ಹಾಸನ ಕಾರು ನಿಲ್ಲಿಸಿ ಕಾದಳು. ಮಧ್ಯಾಹ್ನ ಫಾಂಡುಲಾಕ್ ಊರಿನಲ್ಲಿ ವಿನ್ನೆಬಾಗೊ ಸರೋವರ ಕಂಡಿತು. ಅದರ ದಂಡೆಯನ್ನೇ ಹಿಡಿದು ಉತ್ತರಕ್ಕೆ ಹೋದರೆ ಆಷ್‌ಕಾಷ್.

ನಾವು ಬಂದಿದ್ದೇ ಈ ಊರಿಗೆ. ಇಲ್ಲಿ ಆರ್ಡಿ ಅಂಡ್ ಎಡ್ಸ್ ಡ್ರೈವ್ ಇನ್ ಇದೆ. ಸೌತ್ ಮೇನ್ ಸ್ಟ್ರೀಟಿನಲ್ಲಿ, ಸರೋವರಕ್ಕೂ ವಿಮಾನ ನಿಲ್ದಾಣಕ್ಕೂ ಹತ್ತಿರ. ಶುರುವಾಗಿದ್ದು 1948ರಲ್ಲಿ, ಎ ಅಂಡ್ ಡಬ್ಲ್ಯು ರೂಟ್ ಬಿಯರ್ ಕಂಪನಿಯ ಅಂಗಡಿಯಾಗಿ. 1972ರಿಂದ ಈಗಿನ ಹೆಸರು. ಚಳಿಗಾಲದಲ್ಲಿ ಮುಚ್ಚಿರುತ್ತದೆ. ಮೊಳಕಾಲುದ್ದ ಹಿಮ ಬೀಳುವ ಊರಿನಲ್ಲಿ ಕಾರಿನ ಕಿಟಕಿ ಇಳಿಸಿ ಯಾರು ತಾನೇ ಕೂರುತ್ತಾರೆ?

ಸಂಜೆ ಆರು ಗಂಟೆ. ಜೂನ್ ತಿಂಗಳಾದ್ದರಿಂದ ಬಿಸಿಲು ಇನ್ನೂ ಚೆನ್ನಾಗಿತ್ತು. ಚಪ್ಪರದ ಕೆಳಗೆ ಕಾರು ನಿಲ್ಲಿಸಿದೆವು. ಹಳೆಯ ರಾಕ್ ಅಂಡ್ ರೋಲ್ ಹಾಡು ಕೇಳಿಸುತ್ತಿತ್ತು. ನಮ್ಮ ಎಡಕ್ಕೆ ಒಂದು ಪಿಕಪ್ ಟ್ರಕ್ಕಿನಲ್ಲಿ ಅಜ್ಜ ಅಜ್ಜಿ. ಬಲಕ್ಕೆ ಒಂದು ವ್ಯಾನಿನಲ್ಲಿ ಮೂರು ಮಕ್ಕಳು, ಬೇಸ್‌ಬಾಲ್ ಅಂಗಿ ಹಾಕಿಕೊಂಡು. ಚಕ್ರಗಳ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಒಬ್ಬ ಹುಡುಗಿ, ಹದಿನೇಳೋ ಹದಿನೆಂಟೋ ಇರಬೇಕು, ರೋಲರ್ ಸ್ಕೇಟ್ಸ್ ಹಾಕಿಕೊಂಡು ಸುಯ್ಯನೆ ಬಂದು ನಮ್ಮ ಬಾಗಿಲ ಪಕ್ಕ ನಿಂತಳು.

ನಾಲ್ಕು ರೂಟ್ ಬಿಯರ್, ಎರಡು ಚೀಸ್ ಸ್ಯಾಂಡ್‌ವಿಚ್, ಕರಿದ ಚೀಸ್ ಕರ್ಡ್ಸ್ ಎಂದೆವು. ಬಿಯರ್ ಅನ್ನುವ ಮಾತಿಗೆ ಸಿರ್ಸಿ ಹುಬ್ಬೇರಿಸಿದಳು. ಅದರಲ್ಲಿ ಅಮಲು ಇಲ್ಲ ಕಣೇ, ಹೆಸರಷ್ಟೇ ಎಂದು ಹಾಸನ ಹೇಳಿದಳು. ಮರದ ಬೇರು ತೊಗಟೆಗಳ ಕಷಾಯಕ್ಕೆ ಸಕ್ಕರೆ ಹಾಕಿ ಮಾಡುತ್ತಿದ್ದ ಪಾನಕ ಅದು. ಸಾಸಫ್ರಾಸ್ ಎಂಬ ಮರದ ಬೇರಿನ ತೊಗಟೆ ಅದರ ಮುಖ್ಯ ರುಚಿಯಾಗಿತ್ತು. 1960ರಲ್ಲಿ ಆ ತೊಗಟೆಯ ಎಣ್ಣೆಯ ಒಂದು ಅಂಶ ಒಳ್ಳೆಯದಲ್ಲ ಎಂದು ಸರ್ಕಾರ ನಿಷೇಧಿಸಿತು. ಆಮೇಲೆ ಬೇರೆ ಪದಾರ್ಥ ಸೇರಿಸಿ ಅದೇ ರುಚಿ ತರುತ್ತಾರೆ. ಡ್ರೈವ್ ಇನ್ ಕಥೆಯಲ್ಲಿ ಈ ಪಾನಕಕ್ಕೆ ದೊಡ್ಡ ಜಾಗ ಇದೆ. 1919ರಲ್ಲಿ ಕ್ಯಾಲಿಫೋರ್ನಿಯಾದ ಲೋಡೈ ಎಂಬ ಊರಿನಲ್ಲಿ ಮೊದಲ ಮಹಾಯುದ್ಧದಿಂದ ವಾಪಸ್ ಬಂದ ಸೈನಿಕರ ಮೆರವಣಿಗೆ ನಡೆಯಿತು. ಅಲ್ಲಿ ರಾಯ್ ಅಲೆನ್ ಎಂಬಾತ ಐದು ಸೆಂಟಿಗೆ ಒಂದು ಲೋಟ ರೂಟ್ ಬಿಯರ್ ಮಾರಿದ. ಆಮೇಲೆ ಫ್ರ್ಯಾಂಕ್ ರೈಟ್ ಎಂಬಾತ ಜೊತೆಯಾದ. ಇಬ್ಬರ ಹೆಸರಿನ ಮೊದಲ ಅಕ್ಷರ ಸೇರಿ ಎ ಅಂಡ್ ಡಬ್ಲ್ಯು ಆಯಿತು.

ಹುಡುಗಿ ತಟ್ಟೆ ಹಿಡಿದು ವಾಪಸ್ ಬಂದಳು. ಒಂದು ಕೈಯಲ್ಲಿ ತಟ್ಟೆ, ಅದರ ಮೇಲೆ ನಾಲ್ಕು ಗಾಜಿನ ಮಗ್ಗು, ಕಾಲಲ್ಲಿ ಚಕ್ರ. ಒಂದು ತೊಟ್ಟು ತುಳುಕಲಿಲ್ಲ. ಮಗ್ಗುಗಳನ್ನು ಮೊದಲೇ ತಣ್ಣಗೆ ಮಾಡಿಟ್ಟಿರುತ್ತಾರೆ. ಹೊರಗೆಲ್ಲ ಮಂಜು ಹಿಡಿದಿತ್ತು.

ಗದಗ ಮೊದಲ ಗುಟುಕು ಕುಡಿದಳು. "ಯವ್ವಾ, ಅಮೃತಾಂಜನ ಕುಡದಂಗ ಆತು ನೋಡ" ಎಂದಳು. ಅವಳು ಹೇಳಿದ್ದು ಸರಿಯೇ. ವಿಂಟರ್‌ಗ್ರೀನ್ ಎಂಬ ಗಿಡದ ಪರಿಮಳ ಇದರಲ್ಲಿ ಇರುತ್ತದೆ. ನಮ್ಮ ನೋವಿನ ಮುಲಾಮುಗಳಲ್ಲೂ ಅದೇ ಪರಿಮಳ. ನನಗೂ ಮೊದಲ ಗುಟುಕು ಹಾಗೇ ಅನ್ನಿಸಿತು.

ಸಿರ್ಸಿ ಮಾತಾಡಲಿಲ್ಲ. ಇನ್ನೊಂದು ಗುಟುಕು ಕುಡಿದಳು. ಮತ್ತೊಂದು. ಆಮೇಲೆ ನಿಧಾನಕ್ಕೆ, "ಇದು ಸೊಗದೆ ಬೇರು" ಎಂದಳು.

ಸೊಗದೆ ಬೇರನ್ನು ಮಲೆನಾಡಿನವರಿಗೆ ಪರಿಚಯ ಮಾಡಿಸಬೇಕಾಗಿಲ್ಲ. ನಾಮದ ಬೇರು, ಹಾಲುಬೇರು ಅಂತಲೂ ಅನ್ನುತ್ತಾರೆ. ತಮಿಳಿನಲ್ಲಿ ನನ್ನಾರಿ. ತೆಳ್ಳಗಿನ ಬಳ್ಳಿ, ಕಂದು ಬೇರು. ಮುರಿದರೆ ಘಮ ಬರುತ್ತದೆ. ಅವಳ ಅಜ್ಜಿ ಬೇಸಿಗೆಯಲ್ಲಿ ಅದನ್ನು ಜಜ್ಜಿ, ಕುದಿಸಿ, ಬೆಲ್ಲ ಹಾಕಿ ಶರಬತ್ತು ಮಾಡಿ ಶೀಶೆಯಲ್ಲಿ ಇಡುತ್ತಿದ್ದರಂತೆ. ಮೈಯ ಉಷ್ಣಕ್ಕೆ ಒಳ್ಳೆಯದು ಎಂದು ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಕೊಡುತ್ತಿದ್ದರಂತೆ. ನಾನೂ ಕಣ್ಣು ಮುಚ್ಚಿ ಮತ್ತೆ ಕುಡಿದೆ. ಹೌದು. ಮುಲಾಮಿನ ಪರಿಮಳ ದಾಟಿದ ಮೇಲೆ ಒಳಗೆ ನನ್ನಾರಿ ಇದೆ. ಮದ್ರಾಸಿನ ಬಿಸಿಲಿನಲ್ಲಿ ನಿಂಬೆಹಣ್ಣು ಹಿಂಡಿ ಕೊಡುತ್ತಿದ್ದ ನನ್ನಾರಿ. ವಿಸ್ಕಾನ್ಸಿನ್ ರಾಜ್ಯದ ಈ ಮೂಲೆಯಲ್ಲಿ ಕೂತು ನಾವಿಬ್ಬರೂ ಎರಡು ಬೇರೆ ಬೇರೆ ಊರಿನ ಒಂದೇ ರುಚಿ ನೆನೆಸಿಕೊಂಡೆವು.

ಸಿರ್ಸಿ ತಿನ್ನಲಿಕ್ಕೆ ತನ್ನ ಡಬ್ಬಿಯೇ ತಂದಿದ್ದಳು. ಚಪಾತಿಗೆ ತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿ. ನಾವು ಚೀಸ್ ಕರ್ಡ್ಸ್ ಹಂಚಿಕೊಂಡೆವು. ಚೀಸ್ ಮಾಡುವಾಗ ಹಾಲು ಒಡೆದು ಬರುವ ಗಟ್ಟಿ ತುಂಡುಗಳು ಅವು. ಹೊಸದಾಗಿದ್ದರೆ ಹಲ್ಲಿಗೆ ಸಿಕ್ಕಾಗ ಕೀಚ್ ಕೀಚ್ ಎನ್ನುತ್ತವೆ. ಇಲ್ಲಿ ಹಿಟ್ಟಿನಲ್ಲಿ ಅದ್ದಿ ಕರಿದಿದ್ದರು. ಬಜ್ಜಿಯ ಹಾಗೆಯೇ. ಬಿಸಿ ಇರುವಾಗ ಕಚ್ಚಿದರೆ ದಾರದಂತೆ ಎಳೆದುಕೊಂಡು ಬರುತ್ತದೆ. ಉಪ್ಪಿನಕಾಯಿ ರಸಕ್ಕೆ ಅದ್ದಿ ತಿಂದೆವು. ನಾನು ಈ ಪ್ರವಾಸದಲ್ಲಿ ತಿಂದಿದ್ದರಲ್ಲೆಲ್ಲ ಅದೇ ಹೆಚ್ಚು ರುಚಿ ಎನ್ನುತ್ತೇನೆ.

ಆಗ ನಾನು ಅಪ್ಪನ ಕಥೆ ಹೇಳಿದೆ.

ಮದ್ರಾಸಿನ ಕೆಥೆಡ್ರಲ್ ರಸ್ತೆಯಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಎಂಬ ಹೋಟೆಲ್ ಇತ್ತು. 1962ರಲ್ಲಿ ಶುರು ಮಾಡಿದ್ದು ಉಡುಪಿ ಕಡೆಯ ಕೆ. ಕೃಷ್ಣರಾಯರು. ಮನೆಕೆಲಸ, ಅಡುಗೆ ಕೆಲಸ ಮಾಡುತ್ತಾ ಮದ್ರಾಸಿಗೆ ಬಂದು ದೊಡ್ಡ ಹೋಟೆಲುಗಳನ್ನು ಕಟ್ಟಿದವರು ಅವರು. ದೊಡ್ಡ ದೊಡ್ಡ ಮರಗಳ ಕೆಳಗೆ ಕಾರು ನಿಲ್ಲಿಸಿದರೆ, ಕಿಟಕಿಗೆ ತಟ್ಟೆ ಸಿಕ್ಕಿಸಿ ದೋಸೆ, ಇಡ್ಲಿ, ಕಾಫಿ ಕೊಡುತ್ತಿದ್ದರು. ನಮಗೆ ಕಾರು ಇರಲಿಲ್ಲ. ಅಪ್ಪನ ಹತ್ತಿರ ಸ್ಕೂಟರ್ ಇತ್ತು. ಸ್ಕೂಟರಿನಲ್ಲಿ ಹೋದವರು ಒಳಗೆ ಮೇಜಿನಲ್ಲಿ ಕೂತು ತಿನ್ನಬಹುದಿತ್ತು. ನಾವು ಹಾಗೇ ತಿನ್ನುತ್ತಿದ್ದೆವು. ನಾನು ಮಾತ್ರ ಹೊರಗಿನ ಕಾರುಗಳನ್ನೇ ನೋಡುತ್ತಿದ್ದೆ.

ನನಗೆ ಒಂಬತ್ತು ವರ್ಷ ತುಂಬಿದ ದಿನ ಅಪ್ಪ ತಮ್ಮ ಮ್ಯಾನೇಜರರ ಅಂಬಾಸಡರ್ ಕೇಳಿ ತಂದರು. ಅಪ್ಪ ಯಾರ ಹತ್ತಿರವೂ ಏನೂ ಕೇಳುವವರಲ್ಲ. ಆವತ್ತು ಕೇಳಿದ್ದರು. ನಾನು ಮುಂದಿನ ಸೀಟು, ಅಮ್ಮ ಮತ್ತು ತಮ್ಮ ಹಿಂದೆ. ತಟ್ಟೆ ನನ್ನ ಕಿಟಕಿಗೇ ಹಾಕಿ ಎಂದು ಅಪ್ಪ ಹೇಳಿದರು. ಮಸಾಲೆ ದೋಸೆಯ ತುದಿ ತಟ್ಟೆಯಿಂದ ಆಚೆ ಚಾಚಿತ್ತು. ಬಡಿಸಿದವರು ಕಾರ್ಕಳ ಕಡೆಯವರು. ಅಪ್ಪ ಕನ್ನಡದಲ್ಲಿ ಮಾತಾಡಿಸಿದ ಮೇಲೆ ಇನ್ನೊಂದು ಬಟ್ಟಲು ಸಾಂಬಾರು ತಂದಿಟ್ಟರು. ಮನೆಗೆ ವಾಪಸ್ ಬರುವಾಗ ಅಪ್ಪ ಹಾಡು ಹೇಳಿಕೊಂಡು ಬಂದರು. ಅಪ್ಪ ಹಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಆ ಹೋಟೆಲ್ 2008ರಲ್ಲಿ ಮುಚ್ಚಿತು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ಇದೆ. ಮರಗಳು ಉಳಿದಿವೆ ಅನ್ನುವುದೇ ಸಮಾಧಾನ. ಅಪ್ಪ ಹೋಗಿ ನಾಲ್ಕು ವರ್ಷವಾಯಿತು.

ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಕಾರಿನಲ್ಲಿ ಕೂತು ತಿನ್ನುವುದರಲ್ಲಿ ಒಂದು ವಿಶೇಷ ಇದೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಎಲ್ಲರೂ ಒಂದೇ ಕಡೆ ನೋಡುತ್ತಾ ಕೂತಿರುತ್ತೇವೆ. ಮೇಜಿನ ಎದುರು ಬದುರು ಕೂತಿದ್ದರೆ ಇದನ್ನು ನಾನು ಹೇಳುತ್ತಿರಲಿಲ್ಲವೇನೋ. ಹಿಂದಿನಿಂದ ಗದಗಿನ ಕೈ ಬಂದು ನನ್ನ ಭುಜದ ಮೇಲೆ ಕೂತಿತು. ಆಮೇಲೆ ಅವಳೂ ತನ್ನ ಅಪ್ಪನ ಖಾನಾವಳಿ ಮುಚ್ಚಿದ ದಿನದ ಬಗ್ಗೆ ಹೇಳಿದಳು. ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದರೂ ನಮಗೆ ಅದು ಗೊತ್ತಿರಲಿಲ್ಲ.

ಇಷ್ಟರಲ್ಲಿ ಒಂದು ಅವಾಂತರ ಆಯಿತು. ಸೆಕೆ ಎಂದು ಹಾಸನ ತನ್ನ ಕಡೆಯ ಕಿಟಕಿ ಗುಂಡಿ ಒತ್ತಿಬಿಟ್ಟಳು. ತಟ್ಟೆ ಇದ್ದಿದ್ದು ಅದೇ ಕಿಟಕಿಯಲ್ಲಿ. ಗಾಜು ಇಳಿಯಿತು, ತಟ್ಟೆ ವಾಲಿತು, ಅರ್ಧ ಉಳಿದಿದ್ದ ಎರಡು ಮಗ್ಗು ರೂಟ್ ಬಿಯರ್ ಅವಳ ಮಡಿಲಿಗೆ. ಮಗ್ಗುಗಳನ್ನು ಹೇಗೋ ಹಿಡಿದುಕೊಂಡಳು, ಒಡೆಯಲಿಲ್ಲ. ಸ್ಕೇಟ್ಸ್ ಹುಡುಗಿ ಒದ್ದೆ ಬಟ್ಟೆ, ಒಂದು ಕಟ್ಟು ಪೇಪರ್ ಟವೆಲ್ ಹಿಡಿದು ಓಡಿಬಂದಳು. ಓಡಿ ಅಲ್ಲ, ಜಾರಿಕೊಂಡು. ತಟ್ಟೆಯನ್ನು ತಾನೇ ತೆಗೆದು ಸೀಟು ಒರೆಸಿಕೊಟ್ಟಳು. ವಾರಕ್ಕೊಮ್ಮೆಯಾದರೂ ಯಾರಾದರೂ ಹೀಗೆ ಮಾಡುತ್ತಾರೆ, ಚಿಂತೆ ಮಾಡಬೇಡಿ ಎಂದಳು.

ಗದಗ ಅವಳನ್ನು ಮಾತಾಡಿಸಿದಳು. ಬೇಸಿಗೆ ರಜೆಯ ಕೆಲಸವಂತೆ, ಕಾಲೇಜಿಗೆ ದುಡ್ಡು ಕೂಡಿಡುತ್ತಿದ್ದಾಳಂತೆ. 1948ರ ಮೌರಿಯ ಹಾಗೇ. ಸ್ಕೇಟ್ಸ್ ಕಲಿಯುವಾಗ ಎಷ್ಟು ಸಲ ಬಿದ್ದೆ ಎಂದು ಕೇಳಿದ್ದಕ್ಕೆ ಮೊಣಕೈ ತೋರಿಸಿ ನಕ್ಕಳು. ಈ ರಾಜ್ಯದಲ್ಲಿ ಟಿಪ್ಸ್ ಬರುವ ಕೆಲಸದವರಿಗೆ ಮಾಲೀಕರು ಕೊಡಲೇಬೇಕಾದ ಕೂಲಿ ಗಂಟೆಗೆ ಬರೀ 2.33 ಡಾಲರ್. ಟಿಪ್ಸ್ ಸೇರಿಸಿ 7.25 ಡಾಲರ್ ಆಗದಿದ್ದರೆ ಮಾತ್ರ ಉಳಿದದ್ದನ್ನು ತುಂಬಿಕೊಡಬೇಕು. ಹೊರಗಿನವರು ಇಲ್ಲಿ ಟಿಪ್ಸ್ ಬಗ್ಗೆ ಗೊಣಗುವುದನ್ನು ಕೇಳಿದ್ದೇನೆ. ಈ ಲೆಕ್ಕ ಗೊತ್ತಾದರೆ ಯಾರೂ ಗೊಣಗಬಾರದು. ನಾವು ಕೈಬಿಚ್ಚಿ ಕೊಟ್ಟೆವು.

ಒಂದು ಪುಟ್ಟ ವಿಮಾನ ತಲೆಯ ಮೇಲೇ ತಗ್ಗಿನಲ್ಲಿ ಹಾದು ಹೋಯಿತು. ವ್ಯಾನಿನ ಮಕ್ಕಳು ಕೈ ಬೀಸಿದರು. ಪಕ್ಕದ ಟ್ರಕ್ಕಿನ ಅಜ್ಜ ಅಜ್ಜಿ ಒಂದೇ ಮಗ್ಗಿನಲ್ಲಿ ಐಸ್ ಕ್ರೀಮ್ ತೇಲುವ ರೂಟ್ ಬಿಯರ್ ತರಿಸಿಕೊಂಡು ಎರಡು ಸ್ಟ್ರಾ ಹಾಕಿ ಕುಡಿಯುತ್ತಿದ್ದರು. ಎಂಟೂವರೆಯ ಮೇಲೆ ಸೂರ್ಯ ಮುಳುಗಿದ. ನಾವು ಇನ್ನೊಂದು ಸುತ್ತು ಹೇಳಿದೆವು. ಈ ಸಲ ಗದಗೂ ಪೂರ್ತಿ ಮಗ್ಗು ಕುಡಿದಳು.

ನಾಲ್ಕನೇ ದಿನ, ಭಾನುವಾರ

ವಾಪಸ್ ಬರುವ ದಾರಿಯಲ್ಲಿ ಡೆಸ್ ಪ್ಲೇನ್ಸ್‌ ಎಂಬ ಊರಿಗೆ ಹೋಗೋಣ ಎಂದು ನಾನೇ ಹೇಳಿದೆ. ಮ್ಯಾಕ್‌ಡೊನಾಲ್ಡ್ಸ್ ಅನ್ನು ದೇಶವಿಡೀ ಹರಡಿದ ರೇ ಕ್ರಾಕ್ ತನ್ನ ಮೊದಲ ಅಂಗಡಿ ತೆರೆದಿದ್ದು ಅಲ್ಲಿ, 1955ರ ಏಪ್ರಿಲ್ 15ರಂದು. ಅದಕ್ಕೂ ನಮ್ಮ ತಟ್ಟೆಗೂ ಸಂಬಂಧ ಇದೆ.

ಮ್ಯಾಕ್‌ಡೊನಾಲ್ಡ್ ಅಣ್ಣ ತಮ್ಮಂದಿರು 1940ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ಶುರು ಮಾಡಿದ್ದು ಒಂದು ಡ್ರೈವ್ ಇನ್. ಅಲ್ಲಿ ಇಪ್ಪತ್ತು ಕಾರ್‌ಹಾಪ್ ಹುಡುಗಿಯರಿದ್ದರು. 1948ರಲ್ಲಿ ಅವರು ಮೂರು ತಿಂಗಳು ಬಾಗಿಲು ಹಾಕಿ ಎಲ್ಲ ಬದಲಾಯಿಸಿದರು. ಕಾರ್‌ಹಾಪ್‌ಗಳನ್ನು ತೆಗೆದರು. ಪಿಂಗಾಣಿ, ಗಾಜು ತೆಗೆದರು. ಅಡುಗೆಮನೆಯನ್ನು ಕಾರ್ಖಾನೆಯ ಹಾಗೆ ಜೋಡಿಸಿದರು. ಗಿರಾಕಿ ತಾನೇ ಬಂದು ಕಿಟಕಿಯಲ್ಲಿ ಇಸಿದುಕೊಳ್ಳಬೇಕು, ಬರ್ಗರಿಗೆ ಬರೀ 15 ಸೆಂಟು. ಅಷ್ಟು ಅಗ್ಗಕ್ಕೆ, ಅಷ್ಟು ಬೇಗ ಇನ್ನು ಯಾರೂ ಕೊಡಲಾಗಲಿಲ್ಲ. 1956ರಲ್ಲಿ ಅಂತರರಾಜ್ಯ ಹೆದ್ದಾರಿಗಳ ಕಾನೂನು ಬಂತು. ಕಾರುಗಳು ಊರೊಳಗಿನ ರಸ್ತೆ ಬಿಟ್ಟು ಹೊರಗಿನ ದೊಡ್ಡ ರಸ್ತೆಗೆ ಹೋದವು. ಊರೊಳಗೆ ಕಾದಿದ್ದ ಡ್ರೈವ್ ಇನ್‌ಗಳು ಒಂದೊಂದಾಗಿ ಮುಚ್ಚಿದವು.

ಎಲ್ಲಿ ನೋಡಿದರೂ 1948. ಮೌರಿ ಫ್ಲೌರಿ ಮೂಲೆಯಲ್ಲಿ ಅಂಗಡಿ ಇಟ್ಟ ವರ್ಷ ಅದು. ಆಷ್‌ಕಾಷ್‌ನಲ್ಲಿ ಮೊದಲ ಮಗ್ಗು ತುಂಬಿದ ವರ್ಷ ಅದು. ಅದೇ ವರ್ಷ ಇನ್ನೊಂದು ಕಡೆ ಅವರ ಅಂತ್ಯಕ್ಕೆ ಮುಹೂರ್ತ ಆಗಿತ್ತು, ಅವರಿಗೆ ಗೊತ್ತಿರಲಿಲ್ಲ. ಆದರೂ ಆ ಎರಡೂ ಕಡೆ ನಾವು ಈ ವಾರ ಕೂತು ತಿಂದು ಬಂದೆವು.

ಡೆಸ್ ಪ್ಲೇನ್ಸ್‌ನಲ್ಲಿ ನೋಡಲು ಏನೂ ಇಲ್ಲ. ಹಳೆಯ ಕಟ್ಟಡದ ಹಾಗೇ ಕಟ್ಟಿದ್ದ ಮ್ಯೂಸಿಯಮ್ಮನ್ನೂ ಕೆಲವು ವರ್ಷಗಳ ಹಿಂದೆ ಕೆಡವಿದ್ದಾರೆ. ಐದು ನಿಮಿಷ ನಿಂತು ಹೊರಟೆವು.

ನೇಪರ್‌ವಿಲ್ ಮುಟ್ಟಿದಾಗ ಕತ್ತಲಾಗಿತ್ತು. ಮರುದಿನ ಬೆಳಿಗ್ಗೆ ಗದಗಿಗೂ ಸಿರ್ಸಿಗೂ ವಿಮಾನ. ಹಾಸನ ಮನೆ ಮುಂದೆ ಕಾರು ನಿಲ್ಲಿಸಿ ಎಂಜಿನ್ ಆಫ್ ಮಾಡಿದಳು. ಯಾರೂ ಬಾಗಿಲು ತೆಗೆಯಲಿಲ್ಲ. ಸಿರ್ಸಿ ಡಬ್ಬಿಯಲ್ಲಿ ಒಂದೂವರೆ ಚಪಾತಿ ಉಳಿದಿತ್ತು. ನಾಲ್ಕು ಪಾಲು ಮಾಡಿದಳು. ಸೀಟಿನಲ್ಲಿ ಇನ್ನೂ ರೂಟ್ ಬಿಯರ್ ವಾಸನೆ ಇತ್ತು.

ಹಾಸನದ ಯಜಮಾನರು ಕಾರಿನ ದೀಪ ನೋಡಿ ಹೊರಗೆ ಬಂದರು. ನಾವು ಇಳಿಯದೆ ಕೂತಿದ್ದನ್ನು ಸ್ವಲ್ಪ ಹೊತ್ತು ನೋಡಿದರು. ಏನೂ ಕೇಳದೆ ಒಳಗೆ ಹೋದರು. ಹತ್ತು ನಿಮಿಷಕ್ಕೆ ಸ್ಟೀಲ್ ತಟ್ಟೆಯಲ್ಲಿ ನಾಲ್ಕು ಲೋಟ ಕಾಫಿ ಇಟ್ಟುಕೊಂಡು ವಾಪಸ್ ಬಂದರು. ನಾನು ಕಿಟಕಿ ಅರ್ಧ ಇಳಿಸಿದೆ. ಆ ತಟ್ಟೆಗೆ ಕೊಕ್ಕೆ ಇರಲಿಲ್ಲ. ನಾವು ಕುಡಿದು ಮುಗಿಸುವ ತನಕ ಅವರು ಅದನ್ನು ಗಾಜಿನ ಅಂಚಿಗೆ ಒತ್ತಿ ಹಿಡಿದುಕೊಂಡು ನಿಂತಿದ್ದರು.